ಎರಡು ಬೆರಳುಗಳ ಲೆಕ್ಕ



ಕಳೆದ ತಿಂಗಳು ಒಂದು ಸಂಜೆ ಹಳೆಯ ವಿದ್ಯಾರ್ಥಿನಿಯೊಬ್ಬಳು ದೂರವಾಣಿಯಲ್ಲಿ ಮಾತನಾಡಿದಳು. ಮಕ್ಕಳು, ಮನೆ, ಮಂಡಿನೋವು ಎಲ್ಲ ವಿಚಾರಿಸಿಕೊಂಡ ಮೇಲೆ, “ಸಾರ್, ಆವತ್ತು ಕ್ಲಾಸಿನಲ್ಲಿ ನನ್ನನ್ನು ಕೂತ್ಕೋ ಅಂದುಬಿಟ್ರಲ್ಲ, ನೆನಪಿದೆಯಾ?” ಎಂದಳು. ನನಗೆ ನೆನಪಿರಲಿಲ್ಲ. ಮೂವತ್ತಾರು ವರ್ಷ ಪಾಠ ಹೇಳಿದವನು ಎಷ್ಟು ಮಕ್ಕಳಿಗೆ “ಕೂತ್ಕೋ” ಎಂದಿರುತ್ತೇನೋ! ಅವಳೇ ನೆನಪಿಸಿದಳು. ಅವಳ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಹೆಸರು ಮಾತ್ರ ಬೇಡವೆಂದಳು.

1986ನೆಯ ಇಸವಿ. ಒಂಬತ್ತನೆಯ ತರಗತಿಗೆ ಯಲಹಂಕ ನಾಡಪ್ರಭುಗಳ ವಿಚಾರ ಹೇಳುತ್ತಿದ್ದೆ. ನನ್ನ ತರಗತಿಯಲ್ಲಿ ಕುಳಿತವರಿಗೆ ಗೊತ್ತು, ಪಠ್ಯದಲ್ಲಿ ನಾಲ್ಕು ಸಾಲಿದ್ದರೆ ನಾನು ನಾಲ್ಕು ದಿನ ಹೇಳುತ್ತಿದ್ದೆ. ನಮ್ಮೂರಿನ ಇತಿಹಾಸವನ್ನು ನಮ್ಮೂರಿನ ಮಕ್ಕಳಿಗೆ ಹೇಳದೆ ಇನ್ನಾರಿಗೆ ಹೇಳಬೇಕು? ಕೆಂಪೇಗೌಡರು 1537ರಲ್ಲಿ ಬೆಂಗಳೂರಿನ ಕೋಟೆ ಕಟ್ಟಿದ್ದು, ಕೆರೆಗಳನ್ನು ತೋಡಿಸಿದ್ದು, ಪೇಟೆಗಳನ್ನು ನೆಲೆಗೊಳಿಸಿದ್ದು ಎಲ್ಲ ಹೇಳಿ, ಕೊನೆಗೆ ಅವರು ತಮ್ಮ ಕುಲದ ಹೆಣ್ಣುಮಕ್ಕಳ ಬೆರಳು ಕತ್ತರಿಸುವ ಪದ್ಧತಿಯನ್ನು ನಿಲ್ಲಿಸಿದರೆಂಬ ಪ್ರತೀತಿಯನ್ನೂ ಹೇಳಿದೆ. ಆಗ ಹಿಂದಿನ ಬೆಂಚಿನಿಂದ ಈ ಹುಡುಗಿ ಎದ್ದು ನಿಂತು, “ಸಾರ್, ನಮ್ಮ ಮುತ್ತಜ್ಜಿ ಚಿಕ್ಕವರಿದ್ದಾಗ ಅವರ ಅಜ್ಜಿ ಮೂರು ಬೆರಳಿನ ಕೈಯಲ್ಲಿ ತುತ್ತು ಕೊಡುತ್ತಿದ್ದರಂತೆ” ಎಂದಳು. ಹುಡುಗರು ನಕ್ಕರು. ನಾನು, “ಅದೆಲ್ಲ ಮೂಢನಂಬಿಕೆ, ಪರೀಕ್ಷೆಗೆ ಬರೋದಿಲ್ಲ, ಕೂತ್ಕೋ” ಎಂದೆ.

ಇಷ್ಟೇ ನಡೆದದ್ದು. ಆದರೆ ಅವಳ ಮಾತಿನಲ್ಲಿ ಒಬ್ಬ ಇತಿಹಾಸದ ಮೇಷ್ಟ್ರಿಗೆ ಸಿಗಬಹುದಾದ ಅತ್ಯಂತ ಒಳ್ಳೆಯ ಪ್ರಶ್ನೆ ಅಡಗಿತ್ತು. ಪದ್ಧತಿ ಹದಿನಾರನೆಯ ಶತಮಾನದಲ್ಲೇ ನಿಂತಿದ್ದರೆ, ಹತ್ತೊಂಬತ್ತನೆಯ ಶತಮಾನದಲ್ಲಿ ಬಾಳಿದ ಆ ಅಜ್ಜಿಯ ಕೈಯಲ್ಲಿ ಮೂರೇ ಬೆರಳು ಉಳಿದದ್ದು ಹೇಗೆ? ಹುಡುಗಿ ಆಧಾರವನ್ನೇ ತಂದು ಮೇಜಿನ ಮೇಲೆ ಇಟ್ಟಿದ್ದಳು. ನಾನು ಅದನ್ನು ಒರೆಸುಬಟ್ಟೆಯಿಂದ ಒರೆಸಿಬಿಟ್ಟೆ.

ದೂರವಾಣಿ ಇಟ್ಟ ಮೇಲೆ ನನ್ನ ಮನಸ್ಸು ಎರಡು ದಾರಿ ಹಿಡಿಯಿತು. ಒಂದು ನಮ್ಮ ನಾಡಿನ ಇತಿಹಾಸದ್ದು, ಇನ್ನೊಂದು ನಮ್ಮ ಮನೆಯದು. ಎರಡೂ ಒಂದೇ ಕಡೆಗೆ ಬಂದು ಸೇರಿದವು. ನಾವು ದಿನನಿತ್ಯ ಯೋಚಿಸುವ ಬಗೆ, ಯೋಚಿಸುತ್ತಿದ್ದೇವೆಂಬ ಅರಿವೂ ಇಲ್ಲದೆ ಯೋಚಿಸುವ ಬಗೆ, ಮನೆಯವರ ಸಂಬಂಧವನ್ನೂ ಸುಖವನ್ನೂ ಹೇಗೆ ತಿದ್ದುತ್ತದೆ, ಹೇಗೆ ಕತ್ತರಿಸುತ್ತದೆ ಎಂಬುದೇ ಆ ಕಡೆ. ಮೊದಲು ಇತಿಹಾಸದ ದಾರಿಯಲ್ಲಿ ಹೋಗೋಣ.

ದೇವನಹಳ್ಳಿ ದಾಟಿ ಚಿಕ್ಕಬಳ್ಳಾಪುರದ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಆವತಿ ಎಂಬ ಊರು ಸಿಗುತ್ತದೆ. ವಿಮಾನ ನಿಲ್ದಾಣದಿಂದ ನಂದಿಬೆಟ್ಟಕ್ಕೆ ಹೋಗುವವರು ಅದನ್ನು ನೋಡಿಯೂ ನೋಡದಂತೆ ಹಾದುಹೋಗುತ್ತಾರೆ. ಯಲಹಂಕದ ನಾಡಪ್ರಭುಗಳು, ದೇವನಹಳ್ಳಿಯ ಪಾಳೆಯಗಾರರು, ಸುತ್ತಮುತ್ತಲ ಇನ್ನೂ ಕೆಲವು ಮನೆತನಗಳವರು ತಮ್ಮ ಮೂಲವನ್ನು ಹೇಳಿಕೊಳ್ಳುವುದು ಅಲ್ಲಿಂದ. ಐತಿಹ್ಯ ಹೀಗಿದೆ: ಹದಿನೈದನೆಯ ಶತಮಾನದ ಆರಂಭದಲ್ಲಿ ಕಂಚಿಯ ಸೀಮೆಯ ಆಲೂರಿನಿಂದ ಮೊರಸು ಒಕ್ಕಲಿನ ಕೆಲವು ಸಂಸಾರಗಳು ಬಂಡಿ ಕಟ್ಟಿಕೊಂಡು ರಾತ್ರೋರಾತ್ರಿ ಹೊರಟವು. ಮುಂದಾಳು ರಣಭೈರೇಗೌಡ. ಹೊರಡಲು ಕಾರಣ ಅವನ ಮಗಳು ದೊಡ್ಡಮ್ಮ. ಬೇರೆ ಕುಲದ ಬಲಾಢ್ಯನೊಬ್ಬ ಆಕೆಯನ್ನು ಮದುವೆ ಮಾಡಿಕೊಡೆಂದು ಪೀಡಿಸಿದ. ಕೊಡಲು ಮನಸ್ಸಿಲ್ಲ, ಎದುರಿಸಲು ಬಲವಿಲ್ಲ. ಬೆನ್ನಟ್ಟಿ ಬರುವವರಿಗೆ ಸಿಕ್ಕಿಬೀಳುವಂತೆ ಪಾಲಾರ್ ನದಿ ತುಂಬಿ ಹರಿಯುತ್ತಿತ್ತು. ದೊಡ್ಡಮ್ಮ ಕಿವಿಯ ಓಲೆಯನ್ನು ಬಿಚ್ಚಿ ಗಂಗೆಗೆ ಅರ್ಪಿಸಿದಳು, ನೀರು ಇಬ್ಭಾಗವಾಗಿ ದಾರಿ ಬಿಟ್ಟಿತು. ಬಂಡಿಗಳು ದಾಟಿ ಬಂದು ನಂದಿಯ ಸೀಮೆಯಲ್ಲಿ ಇಳಿದವು. ಮುಂದೆ ಆ ವಂಶದ ಜಯಗೌಡ ನಮ್ಮ ಯಲಹಂಕಕ್ಕೆ ಬಂದ. ಕೆಂಪೇಗೌಡರು ಅವನ ಸಂತತಿ.

ಈ ಕಥೆಯನ್ನು ನಾನು ಬಹಳ ಇಷ್ಟಪಡುತ್ತೇನೆ. ಒಬ್ಬ ಹೆಣ್ಣುಮಗಳ ಇಷ್ಟವಿಲ್ಲದ ಮದುವೆಯನ್ನು ತಪ್ಪಿಸಲು ಹೊಲ, ಮನೆ, ದೇವರು, ಊರು ಎಲ್ಲವನ್ನೂ ಬಿಟ್ಟು ಹೊರಟ ಕುಲ ಅದು. ರಾಜರ ಕಥೆಗಳಲ್ಲಿ ಹೆಣ್ಣನ್ನು ಕೊಟ್ಟು ರಾಜ್ಯ ಉಳಿಸಿಕೊಂಡವರು ಎಷ್ಟೋ ಮಂದಿ. ಇಲ್ಲಿ ಊರನ್ನೇ ಬಿಟ್ಟು ಮಗಳನ್ನು ಉಳಿಸಿಕೊಂಡರು. ಅದೇ ಕುಲದ ಒಂದು ಪಂಗಡದಲ್ಲಿ, ಹಿರಿಯ ಮಗಳ ಕಿವಿ ಚುಚ್ಚುವ ಶುಭಕಾರ್ಯಕ್ಕೆ ಮೊದಲು ತಾಯಿಯಾದವಳು ತನ್ನ ಕೈಯ ಉಂಗುರ ಬೆರಳು ಮತ್ತು ಕಿರುಬೆರಳಿನ ತುದಿಯ ಗೆಣ್ಣುಗಳನ್ನು ದೇವರಿಗೆ ಒಪ್ಪಿಸಬೇಕಾಗಿತ್ತು. ಊರಿನ ಕಮ್ಮಾರ ಉಳಿ ಇಟ್ಟು ಹೊಡೆಯುತ್ತಿದ್ದ. ಆ ಪಂಗಡಕ್ಕೆ ‘ಬೆರಳು ಕೊಡುವ’ ಒಕ್ಕಲು ಎಂಬ ಹೆಸರೇ ಬಂದಿತ್ತು. ಎಡಗೈಯೋ ಬಲಗೈಯೋ, ಯಾವ ಯಾವ ಬೆರಳು ಎಂಬಲ್ಲಿ ಬರೆದವರಲ್ಲಿಯೇ ಒಮ್ಮತವಿಲ್ಲ. ಮಗಳ ಓಲೆ ನದಿಗೆ ಬಿದ್ದಾಗ ದಾರಿ ತೆರೆಯಿತು. ಮಗಳ ಕಿವಿಗೆ ಓಲೆ ಏರುವಾಗ ತಾಯಿಯ ಬೆರಳು ಬಿತ್ತು. ಎರಡನ್ನೂ ಒಂದೇ ಜನ ಒಂದೇ ಭಕ್ತಿಯಿಂದ ಹೇಳಿಕೊಳ್ಳುತ್ತಿದ್ದರು.

ಓದುಗರಲ್ಲಿ ಆ ಸಮುದಾಯದವರು ಬಹಳ ಮಂದಿ ಇದ್ದೀರಿ, ನನ್ನ ಕಣ್ಣೆದುರಿಗೇ ಬೆಳೆದವರು. ಯಾರೂ ನೊಂದುಕೊಳ್ಳಬೇಡಿ. ವಿಧವೆಯ ತಲೆ ಬೋಳಿಸಿ ಹಿತ್ತಿಲ ಕೋಣೆಯಲ್ಲಿ ಕೂರಿಸಿದ ಜಾತಿಗಳಿದ್ದವು. ಗಂಡನ ಚಿತೆಯೇರಿದವಳಿಗೆ ಮಾಸ್ತಿಕಲ್ಲು ನಿಲ್ಲಿಸಿ, ಬಳೆ ತೊಟ್ಟ ತೋಳೊಂದನ್ನು ಅದರಲ್ಲಿ ಕೆತ್ತಿ ಪೂಜೆ ಮಾಡಿದವರೂ ಇದ್ದರು. ಕೈ, ತೋಳು, ಕೂದಲು: ಯಾವ ಜಾತಿಯವರೂ ಇನ್ನೊಬ್ಬರ ಕಡೆ ಬೊಟ್ಟು ಮಾಡುವಂತಿಲ್ಲ. ಬೊಟ್ಟು ಎಂದಾಗ ನೆನಪಾಯಿತು, ಈ ಪದ್ಧತಿಯ ಹಿಂದಿನ ಕಥೆ ಬೊಟ್ಟು ಮಾಡಿದ್ದರಿಂದಲೇ ಹುಟ್ಟಿದ್ದು.

ಮೈಸೂರಿನಲ್ಲಿ ಬ್ರಿಟಿಷರ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ ದಕ್ಷಿಣ ಭಾರತದ ಇತಿಹಾಸವನ್ನು ಬರೆದು ಅದರ ಮೊದಲ ಸಂಪುಟವನ್ನು 1810ರಲ್ಲಿ ಪ್ರಕಟಿಸಿದ. ಅದರಲ್ಲಿ ಈ ಕಥೆ ಇದೆ. ಆಮೇಲೆ ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರಿನಲ್ಲೂ ಬಂದಿದೆ. (ರೈಸ್ ಅವರು ಬೆಂಗಳೂರಿನಲ್ಲೇ 1837ರಲ್ಲಿ ಹುಟ್ಟಿದವರು, ಶಾಸನಗಳಿಗೆ ಕೈಹಾಕುವ ಮೊದಲು ನಮ್ಮಂತೆಯೇ ಮೇಷ್ಟ್ರಾಗಿದ್ದವರು, ಅದು ನನಗೆ ಹೆಮ್ಮೆಯ ವಿಷಯ.) ಕಥೆಯ ಸಾರ ಇಷ್ಟು: ಯಾರ ತಲೆಯ ಮೇಲೆ ಕೈಯಿಟ್ಟರೂ ಅವರು ಬೂದಿಯಾಗುವ ವರವನ್ನು ವೃಕಾಸುರ ಶಿವನಿಂದ ಪಡೆದ. ನಮ್ಮ ಮಕ್ಕಳಿಗೆ ಅವನು ಭಸ್ಮಾಸುರ. ವರ ಕೊಟ್ಟವನ ತಲೆಯ ಮೇಲೆಯೇ ಕೈಯಿಡಲು ಬೆನ್ನಟ್ಟಿದ. ಶಿವ ಓಡಿ ಒಂದು ಹೊಲದ ಬದಿಯಲ್ಲಿ ಅಡಗಿಕೊಂಡ. ಅಸುರ ಬಂದು ಉಳುತ್ತಿದ್ದ ರೈತನನ್ನು ಕೇಳಿದ. ರೈತನಿಗೆ ಎರಡು ಕಡೆಯ ಭಯ. ಬಾಯಲ್ಲಿ ‘ನೋಡಲಿಲ್ಲ’ ಎಂದ, ಬೆರಳಲ್ಲಿ ಅಡಗಿದ ಜಾಗವನ್ನು ತೋರಿಸಿದ. ಮೋಹಿನಿ ಬಂದು ಅಸುರನ ಕೈಯನ್ನು ಅವನ ತಲೆಯ ಮೇಲೆಯೇ ಇಡಿಸಿ ಕಥೆ ಮುಗಿಸಿದಳೆಂಬುದು ಎಲ್ಲರಿಗೂ ತಿಳಿದದ್ದೇ. ಆದರೆ ರೈತನ ಕಥೆ ಮುಗಿದಿರಲಿಲ್ಲ. ಶಿವ ಹೊರಬಂದು, ದ್ರೋಹ ಮಾಡಿದ ಬೆರಳು ಇರಕೂಡದು ಎಂದ. ಅಷ್ಟರಲ್ಲಿ ಬುತ್ತಿ ಹೊತ್ತು ತಂದ ಹೆಂಡತಿ ಕಾಲಿಗೆ ಬಿದ್ದು, ಇವನ ಬೆರಳು ಹೋದರೆ ಉಳುವವರಿಲ್ಲದೆ ಹೊಲ ಬೀಳುಬೀಳುತ್ತದೆ, ಸಂಸಾರ ಉಪವಾಸ ಬೀಳುತ್ತದೆ, ಒಂದರ ಬದಲು ನನ್ನ ಎರಡು ಬೆರಳನ್ನು ತೆಗೆದುಕೋ ಎಂದು ಬೇಡಿದಳು. ಶಿವ ಪ್ರಸನ್ನನಾಗಿ ಒಪ್ಪಿದ. ಅವಳ ಹೆಣ್ಣುಸಂತತಿಯೂ ಹಾಗೆಯೇ ಅರ್ಪಿಸುತ್ತಿರಬೇಕೆಂಬುದು ಅಂದಿನಿಂದ ಕಟ್ಟಳೆಯಾಯಿತು.

ಈ ಕಥೆಯನ್ನು ಅವಸರವಿಲ್ಲದೆ ಇನ್ನೊಮ್ಮೆ ಓದಿ. ತಪ್ಪು ಮಾಡಿದವನು ಗಂಡ. ಆ ತಪ್ಪಿಗೆ ಕಾರಣ ಶಿವ ಯೋಚಿಸದೆ ಕೊಟ್ಟ ವರ. ತೆತ್ತವಳು ಈ ಎರಡರಲ್ಲೂ ಇಲ್ಲದವಳು. ಅದೂ ಒಂದಕ್ಕೆ ಎರಡರಂತೆ ತೆತ್ತಳು. ಉಳುವ ಕೈಗೆ ಬೆರಳು ಬೇಕು ಎಂಬುದು ಕಥೆ ಕಟ್ಟಿದವನಿಗೆ ಗೊತ್ತಿತ್ತು. ಕಳೆ ಕೀಳುವ, ನಾಟಿ ಮಾಡುವ, ರಾಗಿ ಬೀಸುವ, ಹಾಲು ಕರೆಯುವ, ಹೊತ್ತುಹೊತ್ತಿಗೆ ಮುದ್ದೆ ಕಟ್ಟುವ ಕೈಗೂ ಬೆರಳು ಬೇಕು ಎಂಬುದು ಅವನಿಗೆ ಹೊಳೆಯಲೇ ಇಲ್ಲ. ಬುತ್ತಿ ಹೊತ್ತು ಬಂದವಳು ಎಂದು ಅವನೇ ಹೇಳುತ್ತಾನೆ, ಆದರೂ ಆ ಬುತ್ತಿಯನ್ನು ಮಾಡಿದ್ದು ಯಾವ ಕೈ ಎಂದು ಕೇಳಿಕೊಳ್ಳುವುದಿಲ್ಲ. ನನಗೆ ಇದಕ್ಕಿಂತಲೂ ಭಯಂಕರವಾಗಿ ಕಾಣುವುದು ಇನ್ನೊಂದು ಅಂಶ. ಅವಳನ್ನು ಯಾರೂ ಬಲವಂತ ಮಾಡಲಿಲ್ಲ. ಅವಳೇ ಕೇಳಿಕೊಂಡಳು. ಮುಂದೆ ಯಾರಾದರೂ ಇದು ಅನ್ಯಾಯವೆಂದರೆ, ‘ಅವಳೇ ಒಪ್ಪಿ ಕೊಟ್ಟದ್ದಲ್ಲವೆ’ ಎಂಬ ಉತ್ತರ ಕಥೆಯೊಳಗೇ ಸಿದ್ಧವಾಗಿದೆ. ಹೀಗೆ ತಾಯಿಯಿಂದ ಮಗಳಿಗೆ ನೋವು ಹೆಮ್ಮೆಯ ರೂಪದಲ್ಲಿ ದಾಟುತ್ತಾ ಹೋಯಿತು. ಮಗಳ ಪಾಲಿಗಂತೂ ತನ್ನ ಮೊದಲ ಶುಭದಿನವೇ ಅಮ್ಮನ ಕೈಗೆ ಬಟ್ಟೆ ಸುತ್ತಿದ ದಿನ. ಅಂಥ ಮಗಳು ದೊಡ್ಡವಳಾಗಿ ತನ್ನ ಸರದಿ ಬಂದಾಗ ‘ಒಲ್ಲೆ’ ಎನ್ನುವುದು ಹೇಗೆ?

ಇನ್ನು ನನ್ನ ವಿದ್ಯಾರ್ಥಿನಿಯ ಪ್ರಶ್ನೆ. ಬಂಡಿದೇವರ ಪೂಜೆಯಲ್ಲಿ ಬೆರಳು ಕತ್ತರಿಸುವುದನ್ನು ಕೆಂಪೇಗೌಡರು ನಿಷೇಧಿಸಿದರೆಂದು ನಮ್ಮ ನಾಡು ನಂಬಿಕೊಂಡು ಬಂದಿದೆ. ಅದನ್ನು ಅನುಮಾನಿಸುವುದು ನನ್ನ ಉದ್ದೇಶವಲ್ಲ. ಆದರೆ ಅವರ ಕಾಲದಿಂದ ಇನ್ನೂರೈವತ್ತು ವರ್ಷಗಳ ಮೇಲೆ ವಿಲ್ಕ್ಸ್ ಬರೆಯುವಾಗ ಪದ್ಧತಿ ಜೀವಂತವಾಗಿತ್ತು. ಮೈಸೂರು ಸೀಮೆಯಲ್ಲಿ ಬಹುಕಾಲ ಬಾಳಿದ ಫ್ರೆಂಚ್ ಪಾದ್ರಿ ಅಬ್ಬೆ ದುಬೂಯಿ ಕೂಡ ಅದನ್ನು ಪ್ರಸ್ತಾಪಿಸಿದ್ದಾನೆ. ಅದರ ಕ್ರೌರ್ಯವನ್ನು ಕಂಡು ಸರ್ಕಾರ ಅದನ್ನು ನಿಲ್ಲಿಸಿತೆಂದು ರೈಸ್ ಬರೆಯುತ್ತಾರೆ. ಎಂದರೆ ಅದು ಎರಡು ಬಾರಿ ನಿಲ್ಲಬೇಕಾಯಿತು. ಮೊದಲ ಬಾರಿ ಒಡೆಯನ ಆಜ್ಞೆ ಬಂತು, ಕಮ್ಮಾರನ ಉಳಿ ಕೆಲವು ಕಾಲ ಸುಮ್ಮನಿತ್ತು. ಉಳಿಯನ್ನು ಎತ್ತಿಸಿದ ಆಲೋಚನೆ ಮಾತ್ರ ಮನೆಮನೆಯ ಅಡಿಗೆಮನೆಯಲ್ಲಿ ಹಾಗೆಯೇ ಇತ್ತು. ಕಥೆಯನ್ನು ಯಾರೂ ನಿಷೇಧಿಸಿರಲಿಲ್ಲ. ಇದು ನನ್ನ ಊಹೆ. ಇತಿಹಾಸದ ಮೇಷ್ಟ್ರು ಊಹೆ ಮಾಡುವಾಗ ‘ಊಹೆ’ ಎಂದು ಹೇಳಿ ಮಾಡಬೇಕು, ಅಷ್ಟೆ.

ಎರಡನೆಯ ನಿಷೇಧದ ಮೇಲೆ ಏನಾಯಿತು ಎಂಬುದು ಇನ್ನೂ ಸ್ವಾರಸ್ಯವಾಗಿದೆ. ಎಡ್ಗರ್ ಥರ್ಸ್ಟನ್ 1909ರಲ್ಲಿ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಬಗ್ಗೆ ಏಳು ಸಂಪುಟಗಳನ್ನು ಹೊರತಂದ. ಮೊರಸು ಒಕ್ಕಲಿಗರ ವಿಷಯದಲ್ಲಿ ಅದರಲ್ಲಿ ಬರುವ ವಿವರವನ್ನು ಓದಿ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕುಳಿತೆ. ಕೆಲವರು ಬೆರಳ ತುದಿಗೆ ಕಲಸಿದ ಹಿಟ್ಟಿನಿಂದ ಚಿನ್ನದ ಅಥವಾ ಬೆಳ್ಳಿಯ ಚೂರನ್ನು ಅಂಟಿಸಿ ಅದನ್ನು ಕಿತ್ತು ಅರ್ಪಿಸುತ್ತಿದ್ದರು. ಕೆಲವರು ಸಣ್ಣ ನಾಣ್ಯ ಒಪ್ಪಿಸಿ ಕೈಮುಗಿಯುತ್ತಿದ್ದರು. ಇನ್ನು ಕೆಲವರು ಆ ಎರಡು ಬೆರಳಿಗೆ ಹೂವು ಸುತ್ತಿ, ಗೆಣ್ಣಿನ ಮೇಲೆ ಉಳಿಯನ್ನು ಇಟ್ಟು, ಕತ್ತರಿಸಿದಂತೆ ಮಾಡಿ ತೆಗೆದುಬಿಡುತ್ತಿದ್ದರು. ಎಂಥ ನಾಜೂಕು ನೋಡಿ! ದೇವರಿಗೂ ಅವಮಾನವಾಗಲಿಲ್ಲ, ಬೆರಳೂ ಉಳಿಯಿತು. ಹೂವು ಸುತ್ತುವ ಉಪಾಯವನ್ನು ಮೊದಲು ಹೂಡಿದವರು ಯಾರೋ, ಅವರ ಹೆಸರು ಯಾವ ಶಾಸನದಲ್ಲೂ ಇಲ್ಲ. ವಿಮಾನ ನಿಲ್ದಾಣದಲ್ಲಿ 2022ರಲ್ಲಿ ನಿಂತ 108 ಅಡಿಯ ಕೆಂಪೇಗೌಡರ ಪ್ರತಿಮೆಯನ್ನು ಮೊಮ್ಮಗನಿಗೆ ತೋರಿಸಿದಾಗ ಆ ಹೆಂಗಸರಿಗೂ ಒಂದು ಮೂಲೆಯಲ್ಲಿ ಒಂದು ಕಲ್ಲು ಇರಬಾರದಿತ್ತೆ ಎನ್ನಿಸಿತು.

ಆದರೂ ಹೂವು ಸುತ್ತಿದ ಬೆರಳಿನಲ್ಲಿ ಹಳೆಯ ಲೆಕ್ಕ ಉಳಿದೇ ಇತ್ತು. ‘ತಪ್ಪು ಅವನದು, ತೆರುವುದು ಅವಳು’ ಎಂಬ ಲೆಕ್ಕ. ಕೆಂಪೇಗೌಡರ ಸೊಸೆ ಲಕ್ಷ್ಮೀದೇವಿಯ ಐತಿಹ್ಯವೂ ಅದೇ ಲೆಕ್ಕದ್ದು. ಕೋಟೆಯ ತೆಂಕಣ ಬಾಗಿಲು ಕಟ್ಟಿದಷ್ಟೂ ಬೀಳುತ್ತಿತ್ತು, ಗರ್ಭಿಣಿಯ ಬಲಿ ಬೇಕೆಂಬ ಮಾತು ಬಂತು, ಕೆಂಪೇಗೌಡರು ಒಪ್ಪಲಿಲ್ಲ, ಯಾರಿಗೂ ಹೇಳದೆ ರಾತ್ರಿ ಸೊಸೆ ತಾನೇ ಹೋಗಿ ಪ್ರಾಣ ಒಪ್ಪಿಸಿದಳು. ಕೋರಮಂಗಲದಲ್ಲಿ ಅವಳ ಸಮಾಧಿ ಇದೆ, ಗುಡಿ ಇದೆ. ಅಲ್ಲಿಯೂ ‘ಅವಳೇ ಹೋದಳು’. ಬಾಗಿಲು ಬೀಳುವುದಕ್ಕೆ ಅಡಿಪಾಯ ಸರಿಯಿಲ್ಲದಿರಬಹುದು, ಮಣ್ಣು ಹದವಾಗಿಲ್ಲದಿರಬಹುದು. ಆ ಕಡೆ ಯಾರ ಗಮನವೂ ಹರಿಯಲಿಲ್ಲ.

ಬಿ.ಎಡ್. ಓದುವಾಗ ಮನೋವಿಜ್ಞಾನದ ಪತ್ರಿಕೆಯಲ್ಲಿ ‘ಅಭ್ಯಾಸ’ ಎಂಬ ಪಾಠವಿತ್ತು. ಅಮೆರಿಕದ ವಿಲಿಯಂ ಜೇಮ್ಸ್ 1890ರಲ್ಲಿ ಪ್ರಕಟಿಸಿದ ಮನೋವಿಜ್ಞಾನದ ದೊಡ್ಡ ಗ್ರಂಥದಲ್ಲಿ ಒಂದು ಅಧ್ಯಾಯವನ್ನೇ ಅದಕ್ಕೆ ಮೀಸಲಿಟ್ಟಿದ್ದಾನೆ. ನಾವು ಅದರ ಸಾರಾಂಶವನ್ನು ಗಿಳಿಪಾಠ ಮಾಡಿ ಹತ್ತು ಅಂಕ ಗಿಟ್ಟಿಸಿದೆವು. ನನಗೆ ಅದರ ಅರ್ಥ ಆದದ್ದು ಬಾಲ್ಯದ ಯಲಹಂಕದ ಮಣ್ಣುರಸ್ತೆಗಳನ್ನು ನೆನೆದುಕೊಂಡಾಗ. ಮಳೆಗಾಲ ಮುಗಿದು ಮಣ್ಣು ಒಣಗಿದರೆ ಬಂಡಿಯ ಜಾಡು ಕಲ್ಲಿನಂತೆ ಗಟ್ಟಿಯಾಗುತ್ತಿತ್ತು. ಆಮೇಲೆ ಬಂದ ಬಂಡಿಯ ಗಾಲಿ, ಹೊಡೆಯುವವನು ನಿದ್ದೆ ಮಾಡುತ್ತಿದ್ದರೂ, ಅದೇ ಜಾಡಿಗೆ ಇಳಿದು ಅದೇ ದಾರಿಯಲ್ಲಿ ಹೋಗುತ್ತಿತ್ತು. ಎತ್ತುಗಳಿಗೆ ಸುಖ, ಹೊಡೆಯುವವನಿಗೂ ಸುಖ. ಪಕ್ಕಕ್ಕೆ ತಿರುಗಿಸಬೇಕೆಂದಾಗಲೇ ಮೂಕಿ ಮುರಿಯುವ ಭಯ. ಬಹಳ ಕಾಲದ ಮೇಲೆ, 1960ರ ದಶಕದಲ್ಲಿ, ಅಮೆರಿಕದವನೇ ಆದ ಆರನ್ ಬೆಕ್ ಎಂಬ ಮನೋವೈದ್ಯ ಖಿನ್ನತೆಯಿಂದ ಬಳಲುವವರ ಮಾತನ್ನು ಕೇಳುತ್ತ ಒಂದು ಸಂಗತಿಯನ್ನು ಗಮನಿಸಿದ. ನಡೆದ ಘಟನೆಗೂ ಅದರಿಂದಾದ ದುಃಖಕ್ಕೂ ನಡುವೆ ಒಂದು ಆಲೋಚನೆ ಕ್ಷಣಮಾತ್ರದಲ್ಲಿ ಹಾದುಹೋಗಿರುತ್ತದೆ. ತನ್ನಿಂತಾನೇ ಬರುವುದರಿಂದ ಅದನ್ನು ನಾವು ಆಲೋಚನೆ ಎಂದೇ ಎಣಿಸುವುದಿಲ್ಲ, ನಿಜವೆಂದು ಎಣಿಸುತ್ತೇವೆ. ಅದನ್ನು ಹಿಡಿದು ನಿಲ್ಲಿಸಿ ‘ಇದಕ್ಕೆ ಆಧಾರವೇನು’ ಎಂದು ಕೇಳುವುದನ್ನೇ ಅವನು ಒಂದು ಚಿಕಿತ್ಸೆಯಾಗಿ ಬೆಳೆಸಿದ. ಕನ್ನಡದಲ್ಲಿ ಇಂಥ ವಿಚಾರಗಳಿಗೆ ನಮ್ಮ ತಲೆಮಾರಿನವರನ್ನು ಒಗ್ಗಿಸಿದವರು ‘ಕೊರವಂಜಿ’ಯ ರಾಶಿ, ಅಂದರೆ ಡಾ. ಎಂ. ಶಿವರಾಂ. ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಾಗ ನಾನು ಕಾಲೇಜಿನಲ್ಲಿದ್ದೆ. ನಗಿಸುವ ವೈದ್ಯರು ಮನಸ್ಸಿನ ಬಗ್ಗೆ ಇಷ್ಟು ಗಂಭೀರವಾಗಿ ಬರೆದರೆ ಎಂದು ಬೆರಗಾಗಿತ್ತು.

ಆಧಾರವೇನು ಎಂದು ಕೇಳುವುದು ಇತಿಹಾಸದ ಮೇಷ್ಟ್ರ ಕಸುಬು. ಆ ಕಸುಬನ್ನು ನಾನು ನನ್ನ ಮನೆಯ ವಿಷಯದಲ್ಲಿ ಎಂದೂ ಮಾಡಿರಲಿಲ್ಲ. ಇಲ್ಲಿಂದ ಎರಡನೆಯ ದಾರಿ.

ನಾನು ಎಸ್.ಎಸ್.ಎಲ್.ಸಿ.ಯಲ್ಲಿ ಗಣಿತದಲ್ಲಿ ನಪಾಸಾದ ಕಥೆ ನನ್ನ ವಿದ್ಯಾರ್ಥಿಗಳೆಲ್ಲರಿಗೂ ಬಾಯಿಪಾಠ. 1974ರ ಮಾರ್ಚ್‌ನಲ್ಲಿ ಬಿದ್ದವನು, ಆರು ತಿಂಗಳು ಹಗಲೂ ರಾತ್ರಿ ಕುಳಿತು, ಮರುಪರೀಕ್ಷೆಯಲ್ಲಿ ಅರವತ್ತರ ಮೇಲೆ ಅಂಕ ತೆಗೆದು, ಮುಂದೆ ಬಿ.ಎ., ಬಿ.ಎಡ್. ಮುಗಿಸಿ ನಿಮ್ಮ ಮುಂದೆ ನಿಂತಿದ್ದೇನೆ ಎಂದು ಪ್ರತಿವರ್ಷ ಹತ್ತನೆಯ ತರಗತಿಗೆ ಹೇಳುತ್ತಿದ್ದೆ. ಸೋತವರಿಗೆ ಧೈರ್ಯ ಬರಲಿ ಎಂಬುದು ಉದ್ದೇಶ. ಬಹಳ ಮಂದಿಗೆ ಬಂದಿತೆಂದು ಪತ್ರಗಳನ್ನೂ ಬರೆದಿದ್ದೀರಿ.

ಆ ಕಥೆಯಲ್ಲಿ ಹೇಳದೆ ಬಿಟ್ಟ ಭಾಗ ಹೀಗಿದೆ. ನನಗಿಂತ ಎರಡು ವರ್ಷ ದೊಡ್ಡ ಅಕ್ಕ ಆಗಲೇ ಒಳ್ಳೆಯ ಅಂಕಗಳಿಂದ ಎಸ್.ಎಸ್.ಎಲ್.ಸಿ. ಮುಗಿಸಿ, ಹೊಲದ ಕೆಲಸಕ್ಕೆ ನಿಂತು, ಶಿಕ್ಷಕರ ತರಬೇತಿಗೆ ಅರ್ಜಿ ಹಾಕಿದ್ದಳು. ನಾನು ಬಿದ್ದ ವರ್ಷವೇ ಅವಳಿಗೆ ಸೀಟು ಬಂತು. ಬೇರೆ ಊರು, ಊಟ-ವಸತಿಯ ಖರ್ಚು. ಇತ್ತ ನನಗೆ ಗಣಿತದ ಮನೆಪಾಠ, ಮರುಪರೀಕ್ಷೆಯ ಶುಲ್ಕ, ಆಮೇಲೆ ಕಾಲೇಜು. ಅಪ್ಪ ಜಗುಲಿಯ ಮೇಲೆ ಕುಳಿತು, “ಈ ವರ್ಷ ಎರಡೂ ಆಗೋದಿಲ್ಲ” ಎಂದರು. ಅವಳು ಹೇಗಿದ್ದರೂ ಕೊಟ್ಟ ಮನೆಗೆ ಹೋಗುವವಳು, ಗಂಡುಹುಡುಗನ ಓದು ನಿಂತರೆ ಮನೆ ನಿಂತಂತೆ ಎಂದು ಅಮ್ಮ ಅಂದರು. ಇಬ್ಬರೂ ಕೆಟ್ಟವರಲ್ಲ. ಗಾಲಿ ಜಾಡಿಗೆ ಇಳಿಯಿತು. ಅಕ್ಕ ಒಳಗಿನಿಂದ ಬಂದು, “ತಮ್ಮ ಓದಲಿ ಬಿಡಿ” ಎಂದಳು. ಮುಂದಿನ ವರ್ಷ ಅವಳಿಗೆ ದೊಡ್ಡಬಳ್ಳಾಪುರದ ಕಡೆಯ ಹಳ್ಳಿಗೆ ಮದುವೆಯಾಯಿತು. ನಮ್ಮ ಮನೆಯಲ್ಲಿ ಆ ಮಾತು ಎಂದಾದರೂ ಬಂದರೆ ಎಲ್ಲರೂ ಹೇಳುತ್ತಿದ್ದದ್ದು ಒಂದೇ: “ಅವಳೇ ಬೇಡ ಅಂದಳು.”

ಆ ಮೇಲಿನ ನಲವತ್ತು ವರ್ಷಗಳಲ್ಲಿ ಅಕ್ಕನ ಬಗ್ಗೆ ನನ್ನ ಮನಸ್ಸಿನಲ್ಲಿ ಒಂದು ಜಾಡು ಬಿದ್ದುಹೋಗಿತ್ತು. ಅಕ್ಕ ಸಿಡುಕಿ, ಅಕ್ಕನಿಗೆ ನನ್ನ ಏಳಿಗೆ ಕಂಡರಾಗದು. ನಾನು ಮನೆ ಕಟ್ಟಿದಾಗ ಗೃಹಪ್ರವೇಶಕ್ಕೆ ಬಂದವಳು ಊಟವಾದ ತಕ್ಷಣ ಹೊರಟಳು. “ನೋಡಿದೆಯಾ” ಎಂದು ನನ್ನಾಕೆಗೆ ಹೇಳಿದೆ. ಶಾಲೆಯಲ್ಲಿ ನನಗೆ ಸನ್ಮಾನವಾದಾಗ ಬರಲಿಲ್ಲ, “ಗೊತ್ತಿತ್ತು” ಎಂದೆ. 2018ರಲ್ಲಿ ನಿವೃತ್ತಿಯ ಸಮಾರಂಭಕ್ಕೂ ಬರಲಿಲ್ಲ. “ಅವರಿಗೆ ಮೈ ಸರಿಯಿತ್ತೋ ಇಲ್ಲವೋ, ಒಂದು ಮಾತು ಕೇಳಬಾರದಿತ್ತೆ” ಎಂದು ನನ್ನಾಕೆ ಅಂದದ್ದು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಪ್ರತಿ ಪುಷ್ಯಮಾಸದಲ್ಲಿ, ಒಂದು ವರ್ಷವೂ ತಪ್ಪದೆ, ಬಸ್ಸಿನಲ್ಲಿ ಬರುವವರ ಕೈಯಲ್ಲಿ ಅವಳು ಸೊಗಡಿನ ಅವರೆಕಾಯಿಯ ಚೀಲ ಕಳಿಸುತ್ತಿದ್ದಳು. ಬಾರದ ದಿನಗಳನ್ನು ಎಣಿಸಿದವನು ಬಂದ ಚೀಲಗಳನ್ನು ಎಣಿಸಲಿಲ್ಲ. ಸಂಶೋಧಕನೊಬ್ಬ ತನ್ನ ವಾದಕ್ಕೆ ಒಪ್ಪುವ ಶಾಸನಗಳನ್ನು ಮಾತ್ರ ಓದಿ ಉಳಿದವನ್ನು ಹೂಳಿದರೆ ನಾನು ಅವನನ್ನು ಏನೆಂದು ಕರೆಯುತ್ತಿದ್ದೆನೋ!

ವಿದ್ಯಾರ್ಥಿನಿಯ ದೂರವಾಣಿ ಬಂದ ಮೂರನೆಯ ದಿನ ರೈತನ ಹೆಂಡತಿಯ ಕಥೆಯನ್ನು ಮತ್ತೆ ಓದುತ್ತಿದ್ದೆ. ‘ಅವಳೇ ಕೇಳಿಕೊಂಡಳು’ ಎಂಬಲ್ಲಿಗೆ ಬಂದಾಗ ಅಪ್ಪನ ಜಗುಲಿ ಕಣ್ಣಮುಂದೆ ಬಂದು ನಿಂತಿತು. ಬೆರಳು ತೋರಿಸಿದವನು ನಾನು. ಉಳುವವನೂ ನಾನೇ. ಅಷ್ಟೇ ಅಲ್ಲ, ಅವಳಿಂದ ಹೋದದ್ದು ಯಾವುದೋ ಅದೇ ನನ್ನ ಪಾಲಿಗೆ ಬಂದಿತು. ಮೇಷ್ಟ್ರಾಗಬೇಕೆಂದಿದ್ದವಳು ಅವಳು.

ಮರುದಿನ ಬೆಳಿಗ್ಗೆ ದೊಡ್ಡಬಳ್ಳಾಪುರದ ಬಸ್ಸು ಹತ್ತಿದೆ. ಅಕ್ಕ ಅಂಗಳದಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದಳು. ಭಾವ ತೀರಿಕೊಂಡು ಆರು ವರ್ಷವಾಗಿದೆ. ಮಗ, ಸೊಸೆ ಕೆಲಸಕ್ಕೆ ಹೋಗಿದ್ದರು. ಕಾಫಿ ಕೊಟ್ಟಳು. ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತುಗಳೆಲ್ಲ ಗಂಟಲಲ್ಲೇ ಉಳಿದವು. ಕೊನೆಗೆ, “ಆವತ್ತು ನೀನೇ ಬೇಡ ಅಂದೆಯಲ್ಲ, ಯಾಕೆ ಅಂದೆ?” ಎಂದು ಕೇಳಿಬಿಟ್ಟೆ. ಕೇಳಿದ ರೀತಿಯೂ ತಪ್ಪೇ.

ಅವಳು ಹುಣಸೆಬೀಜವನ್ನು ಬಟ್ಟಲಿಗೆ ಹಾಕುತ್ತಾ, “ಅಂದೆ. ಅನ್ನದೇ ಇದ್ದಿದ್ರೆ ಏನಾಗ್ತಿತ್ತು? ಅದೇ ಆಗ್ತಿತ್ತು. ಅಂದಿದ್ದಕ್ಕೆ ಒಳ್ಳೆಯವಳು ಅನ್ನಿಸಿಕೊಂಡೆ” ಎಂದಳು. ಕೋಪವಿರಲಿಲ್ಲ. ಲೆಕ್ಕ ಹೇಳಿದಂತೆ ಹೇಳಿದಳು.

ಸ್ವಲ್ಪ ಹೊತ್ತಿನ ಮೇಲೆ ಅವಳೇ ಮುಂದುವರಿಸಿದಳು. “ನಿನ್ನ ಹತ್ತಿರ ಓದಿದ ಹುಡುಗ ಒಬ್ಬ ನಮ್ಮೂರ ಬ್ಯಾಂಕಿಗೆ ಬಂದಿದ್ದ. ಅಕ್ಕ ಅಂತ ಗೊತ್ತಾಗಿ ಮನೆಗೆ ಬಂದ. ನೀನು ಫೇಲಾಗಿ ಪಾಸಾದ ಕಥೆ ಎಲ್ಲ ಹೇಳಿದ. ಚೆನ್ನಾಗೇ ಹೇಳಿದ. ನಾನು ಕೊನೇತನಕ ಕೂತು ಕೇಳಿದೆ, ಎಲ್ಲಾದರೂ ನಾನು ಬರ್ತೀನೇನೋ ಅಂತ.”

ಆ ಹುಡುಗ ಯಾರೆಂದು ನನಗೆ ಗೊತ್ತು. ಇದನ್ನು ಓದಿ ಅವನು ನೊಂದುಕೊಳ್ಳಬಾರದು. ನಾನು ಹೇಳಿಕೊಟ್ಟದ್ದನ್ನೇ ಅವನು ಒಪ್ಪಿಸಿದ್ದಾನೆ. ಗೃಹಪ್ರವೇಶದ ದಿನ ಬೇಗ ಹೊರಟದ್ದೇಕೆ ಎಂದು ಕೇಳಿದೆ. ಸಂಜೆ ಹಸು ಕರೆಯುವವರು ಇರಲಿಲ್ಲವಂತೆ. ನಿವೃತ್ತಿಯ ಸಮಾರಂಭಕ್ಕೆ? “ಅವತ್ತು ಮಾತ್ರ ಬೇಕು ಅಂತಲೇ ಬರಲಿಲ್ಲ” ಎಂದಳು. ನನ್ನ ಊಹೆಯಲ್ಲಿ ಮೂರಕ್ಕೆ ಒಂದು ಸರಿ ಇತ್ತು, ಅದರ ಕಾರಣ ಮಾತ್ರ ನಾನು ಎಣಿಸಿದ್ದಲ್ಲ. ಇನ್ನೊಂದರ ಬಗ್ಗೆ ಕೇಳಲು ನನಗೆ ಧೈರ್ಯ ಬರಲಿಲ್ಲ.

ಹೊರಡುವಾಗ, ಈ ಪುಟದಲ್ಲಿ ಆ ಕಥೆಯನ್ನು ಪೂರ್ತಿಯಾಗಿ ಬರೆಯಲೆ ಎಂದು ಕೇಳಿದೆ. “ಬರಿ. ಸರಿಯಾಗಿ ಬರಿ” ಎಂದಳು. ಹಾಗಾದರೆ ಸರಿಯಾಗಿಯೇ ಬರೆಯೋಣವೆಂದು, ನನ್ನ ಗಣಿತದ ಮನೆಪಾಠಕ್ಕೆ ಆಗ ತಿಂಗಳಿಗೆ ಎಷ್ಟು ಕೊಡುತ್ತಿದ್ದರು ಎಂದು ಕೇಳಿದೆ. ನನಗೆ ಅದು ನೆನಪೇ ಇರಲಿಲ್ಲ.

“ಹದಿನೈದು ರೂಪಾಯಿ” ಎಂದಳು, ತಲೆಯೆತ್ತದೆ. “ಏಳು ತಿಂಗಳು.”